ಅಪ್ಪನ ಪಟ್ಟಿಯಲ್ಲಿ ದೊಡ್ಡಪ್ಪ

ಧ್ಯಾನಕ್ಕೆ ಕೂತರೆ ನನಗೆ ಬುದ್ಧನಿಗಿಂತ ಮೊದಲು ಹಿಂದಿನ ದಿನ ನೆನೆಹಾಕಿದ ಹುರುಳಿಕಾಳು ನೆನಪಾಗುತ್ತದೆ. ಇದನ್ನು ಯಾರ ಮುಂದೆಯೂ ಹೇಳಿಕೊಂಡಿರಲಿಲ್ಲ, ನಿಮ್ಮ ಮುಂದೆ ಹೇಳುತ್ತಿದ್ದೇನೆ. ತಿ. ನರಸೀಪುರದ ನನ್ನ ಮನೆಯಲ್ಲಿ ಬೆಳಿಗ್ಗೆ ಐದೂವರೆಗೆ ಎದ್ದು, ಮುಖ ತೊಳೆದು, ಚಾಪೆ ಹಾಸಿ, ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತೇನೆ. ಮೂರನೆಯ ಉಸಿರಿಗೆ ಕಾಳು ಮೊಳಕೆ ಬಂದಿದೆಯೋ ಇಲ್ಲವೋ ಎಂಬ ಚಿಂತೆ. ಆರನೆಯದಕ್ಕೆ ಏಳನೇ ತರಗತಿಯ ತಿದ್ದದ ಉತ್ತರಪತ್ರಿಕೆಗಳು. ಹತ್ತನೆಯ ಉಸಿರನ್ನು ನಾನು ಯಾವತ್ತೂ ಗಮನಿಸಿದವಳಲ್ಲ. ಬದುಕಿದ್ದೇನೆಂದ ಮೇಲೆ ಅದೂ ಬಂದೇ ಇರಬೇಕು.

ನನ್ನ ಅಪ್ಪ ಹೀಗಿರಲಿಲ್ಲ. ನಾವು ನಂಜನಗೂಡಿನಲ್ಲಿದ್ದಾಗ ಅವರು ತಾಂಡ್ಯದ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ದಿನವಿಡೀ ಅದರ ಒತ್ತಡದ ಮುಳ್ಳು ಮೇಲೇರದಂತೆ ಕಾಯುವ ಮನುಷ್ಯನಿಗೆ ತನ್ನ ಮುಳ್ಳು ಏರದಂತೆ ನೋಡಿಕೊಳ್ಳುವುದು ಅಂಥ ಕಷ್ಟವಾಗಿರಲಿಲ್ಲವೇನೋ. ಫಸ್ಟ್ ಶಿಫ್ಟಿಗೆ ಹೊರಡುವ ಮೊದಲು ಅಡುಗೆಮನೆಯ ಬಾಗಿಲ ಪಕ್ಕ, ಗೋಡೆಯ ಪುಟ್ಟ ಬುದ್ಧನ ಪಟದ ಕೆಳಗೆ ಕೂರುತ್ತಿದ್ದರು. ತ್ರಿಶರಣ, ಪಂಚಶೀಲ ಹೇಳಿಕೊಂಡಾದ ಮೇಲೆ ಸ್ವಲ್ಪ ಹೊತ್ತು ಮೌನ. ಆಮೇಲೆ ಪಟ್ಟಿ.

ಪಟ್ಟಿ ಎಂದರೆ ಮೈತ್ರಿಯ ಪಟ್ಟಿ. ಪಾಲಿ ಭಾಷೆಯವರು ಅದನ್ನು ಮೆತ್ತಾ ಎನ್ನುತ್ತಾರೆ. ನನ್ನ ಕಿವಿಗೆ ಮಾತ್ರ ಆ ಪದದೊಳಗೆ ನಮ್ಮ ‘ಮೆತ್ತಗೆ’ಯೇ ಕೇಳಿಸುತ್ತದೆ. ಇದು ಯಾವ ವ್ಯಾಕರಣವೂ ಒಪ್ಪದ ಸಂಬಂಧ, ಆದರೂ ಕಡಿದುಕೊಳ್ಳಲು ಮನಸ್ಸಿಲ್ಲ. ಮೊದಲು ತನಗೆ ಒಳ್ಳೆಯದಾಗಲಿ ಎನ್ನಬೇಕು, ಆಮೇಲೆ ತನ್ನವರಿಗೆ, ಆಮೇಲೆ ಪರಿಚಯವಷ್ಟೇ ಇರುವವರಿಗೆ, ಕೊನೆಗೆ ಮನಸ್ಸು ಮುರಿದುಕೊಂಡವರಿಗೆ. ಅಪ್ಪ ಹೆಸರು ಹಿಡಿದೇ ಹೇಳುತ್ತಿದ್ದರು. ತಾನು, ಅವ್ವ, ನಾನು, ತಾಂಡ್ಯ ಬಸ್ಸಿನ ಕಂಡಕ್ಟರು. ಕೊನೆಯಲ್ಲಿ, ದನಿ ಇನ್ನೊಂದಿಷ್ಟು ತಗ್ಗಿಸಿ, “ಮೂಗೂರಿನ ನಮ್ಮಣ್ಣ ಚೆನ್ನಾಗಿರಲಿ.”

ಅಪ್ಪನ ಆ ಒಬ್ಬನೇ ಅಣ್ಣನನ್ನು, ಅಂದರೆ ನನ್ನ ದೊಡ್ಡಪ್ಪನನ್ನು, ನೋಡಿದ ನೆನಪು ಆಗ ನನಗಿರಲಿಲ್ಲ. ನನಗೆ ಮೂರು ವರ್ಷವಾಗಿದ್ದಾಗ ಅಜ್ಜಿ ತೀರಿಕೊಂಡರು. ಅಪ್ಪ ಅಷ್ಟರಲ್ಲಿ ಬೌದ್ಧ ದೀಕ್ಷೆ ತೆಗೆದುಕೊಂಡಿದ್ದರು. ತಿಥಿಯ ದಿನ ತಲೆ ಬೋಳಿಸಿಕೊಳ್ಳುವುದಿಲ್ಲ, ಎಡೆ ಇಡುವುದಿಲ್ಲ, ಒಂದು ಮೇಣದಬತ್ತಿ ಹಚ್ಚಿ ಕೈಮುಗಿಯುತ್ತೇನೆ ಎಂದರು. ತಾಯಿಗೆ ಎಡೆ ಇಡದವನು ತಮ್ಮನೇ ಅಲ್ಲ ಎಂದು ದೊಡ್ಡಪ್ಪ ನೆಂಟರೆದುರು ಅಂದುಬಿಟ್ಟರು. ಅಪ್ಪ ಹಚ್ಚದ ಬತ್ತಿಯನ್ನು ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿದರು. ಆಮೇಲೆ ಹನ್ನೊಂದು ವರ್ಷ ಅತ್ತ ಹೋಗಲಿಲ್ಲ, ಅವರೂ ಇತ್ತ ಬರಲಿಲ್ಲ.

ಈ ಹನ್ನೊಂದು ವರ್ಷವೂ ದೊಡ್ಡಪ್ಪ ಚೆನ್ನಾಗಿರಲಿ ಎಂಬ ಹಾರೈಕೆ ನಮ್ಮ ಅಡುಗೆಮನೆಯ ಬಾಗಿಲಲ್ಲಿ ತಪ್ಪದೆ ನಡೆಯಿತು. ರೊಟ್ಟಿ ತಟ್ಟುತ್ತ ಕೇಳಿಸಿಕೊಳ್ಳುತ್ತಿದ್ದ ಅವ್ವ ಒಂದು ಭಾನುವಾರ ಕೈ ನಿಲ್ಲಿಸಿದರು.

“ದಿನಾ ಇಲ್ಲೇ ಕೂತ್ಕಂಡು ಅಣ್ಣ ಚೆನ್ನಾಗಿರ್ಲಿ ಅಂತೀರಲ್ಲ, ಅದು ಅವ್ರಿಗೆ ಎಂಗೆ ಗೊತ್ತಾಯ್ತದೆ? ಬಸ್ಸತ್ತಿ ಓಗಿ ಏಳ್ಬುಟ್ಟು ಬನ್ನಿ.”

ಮೈತ್ರಿ ಎನ್ನುವುದು ಹೇಳಿ ಬರುವಂಥದ್ದಲ್ಲ, ಅದು ಮನಸ್ಸಿನ ಅಭ್ಯಾಸ ಎಂದು ಅಪ್ಪ ವಿವರಿಸಲು ಹೋದರು. ಅವ್ವ ಪೂರ್ತಿ ಕೇಳಿಸಿಕೊಂಡು, ರೊಟ್ಟಿ ಮಗುಚಿ, ಹತ್ತು ಗಂಟೆಗೆ ಬಸ್ಸಿದೆ ಎಂದರು. ಅಣ್ಣತಮ್ಮಂದಿರ ನಡುವೆ ತಾನು ಬರುವುದಿಲ್ಲವೆಂದು ನನ್ನನ್ನು ಜೊತೆಗೆ ಕಳಿಸಿ, ಕೈಗೊಂದು ಚಿಪ್ಪು ರಸಬಾಳೆ ಕೊಟ್ಟರು.

ನರಸೀಪುರದಲ್ಲಿ ಬಸ್ಸು ಬದಲಾಯಿಸಿದೆವು. ಬಾಯ್ಲರಿನೆದುರು ಹೆದರದ ಮನುಷ್ಯ ಮೂಗೂರಿನಲ್ಲಿ ಇಳಿದ ಮೇಲೆ ಎರಡು ಸಲ ನೀರು ಕುಡಿದದ್ದು ನನಗೆ ನೆನಪಿದೆ.

ದೊಡ್ಡಪ್ಪ ಜಗುಲಿಯಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು. ಅಪ್ಪನದೇ ಮುಖ, ತಲೆ ಮಾತ್ರ ಬೆಳ್ಳಗೆ. ನೋಡಿದರು, ಏಳಲಿಲ್ಲ; ಆದರೆ ಕಡಲೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದರು. ಅಪ್ಪ ಕೂತು, ಮೊರದಿಂದ ಒಂದು ಕಡಲೆಕಾಯಿ ತೆಗೆದುಕೊಂಡು ಬಿಡಿಸುತ್ತ ಹೇಳಿದರು.

“ಅಣ್ಣ, ನಾನು ದಿನಾ ನಿನ್ ಎಸ್ರು ಏಳ್ತೀನಿ.”

“ಯಾರತ್ರ?”

“ಯಾರತ್ರನೂ ಇಲ್ಲ. ಚೆನ್ನಾಗಿರ್ಲಿ ಅಂತ, ನನ್ ಪಾಡ್ಗೆ ನಾನು.”

ದೊಡ್ಡಪ್ಪನ ಬೆರಳು ನಿಂತವು. “ಅನ್ನೊಂದು ವರ್ಸದಿಂದ್ಲೂವಾ?”

ಅಪ್ಪ ಹೂಂಗುಟ್ಟಿದರು.

“ಮೊದಲ್ನೇ ವರ್ಸನೇ ಬಂದು ಏಳಕ್ಕೆ ಏನಾಗಿತ್ಲಾ ನಿಂಗೆ?”

ದೊಡ್ಡಪ್ಪ ನನ್ನ ಕೈಯಿಂದ ಬಾಳೆಹಣ್ಣು ಇಸಿದುಕೊಂಡು ಒಳಗೆ ನಡೆದರು. ಅಜ್ಜಿಯ ಫೋಟೋದ ಮುಂದೆ ಎರಡನ್ನು ಇಟ್ಟು ಕೈಮುಗಿದು, ಅದರಲ್ಲೊಂದನ್ನು ತಂದು ಅಪ್ಪನೆದುರು ಹಿಡಿದರು. ನಮ್ಮ ತಾಯಿಗೆ ಇಟ್ಟದ್ದು, ತಿನ್ನುತ್ತೀಯೋ ಹೇಗೆ ಎಂದು ಕೇಳಿದರು. ಅಪ್ಪ ಎರಡೂ ಕೈ ಚಾಚಿ ತೆಗೆದುಕೊಂಡು, ಸಿಪ್ಪೆ ಸುಲಿದು, ನಿಧಾನವಾಗಿ ಪೂರ್ತಿ ತಿಂದರು. ದೊಡ್ಡಪ್ಪ ಅಷ್ಟು ಹೊತ್ತೂ ನಿಂತೇ ಇದ್ದರು. ಆಮೇಲೆ ಒಳಗಿದ್ದ ದೊಡ್ಡವ್ವನನ್ನು ಕರೆದು, ಕರೆಂಟು ಹೋದಾಗ ಹಚ್ಚುವ ಮೇಣದಬತ್ತಿ ಉಳಿದಿದ್ದರೆ ತಾ ಎಂದರು. ಬೆರಳುದ್ದದ ಮೋಟು ಸಿಕ್ಕಿತು. ಅದನ್ನು ತಮ್ಮನ ಕೈಯಲ್ಲಿಟ್ಟು, ಬೆಂಕಿಕಡ್ಡಿಯನ್ನು ತಾವೇ ಗೀರಿದರು. ಆ ಮಧ್ಯಾಹ್ನ ಅಜ್ಜಿಯ ಮುಂದೆ ಎಡೆಯೂ ಇತ್ತು, ಬತ್ತಿಯೂ ಇತ್ತು. ಅಜ್ಜಿಗೆ ಇದರಿಂದ ಏನೂ ತೊಂದರೆಯಾದಂತೆ ಕಾಣಲಿಲ್ಲ.

ಅಣ್ಣತಮ್ಮ ಇಬ್ಬರೂ ಈಗಿಲ್ಲ. ಅಪ್ಪನ ಅಭ್ಯಾಸ ನನಗೆ ಬಂದಿದೆ, ಅವ್ವನ ತಿದ್ದುಪಡಿಯೊಂದಿಗೆ. ಬೆಳಿಗ್ಗೆ ಹೆಸರು ಹೇಳಿದವರಲ್ಲಿ ಒಬ್ಬರಿಗಾದರೂ ಸಂಜೆಯೊಳಗೆ ಫೋನು ಮಾಡುತ್ತೇನೆ. ನನ್ನ ನಾದಿನಿ ಮೊದಮೊದಲು ಏನು ಬೇಕಿತ್ತು ಎಂದು ಅನುಮಾನದಿಂದಲೇ ಕೇಳುತ್ತಿದ್ದಳು. ಏನೂ ಬೇಡ, ಚೆನ್ನಾಗಿದ್ದೀಯಾ ಅಂತ ಕೇಳೋಣವೆನಿಸಿತು ಎಂದರೆ ನಂಬುತ್ತಿರಲಿಲ್ಲ. ಈಗ ಎರಡು ದಿನ ನಾನು ಮಾಡದಿದ್ದರೆ ಅವಳೇ ಮಾಡುತ್ತಾಳೆ.

ಬತ್ತಿ ಹಚ್ಚಿದ ಆ ದಿನದಿಂದ ದೊಡ್ಡಪ್ಪ ತಿಂಗಳಿಗೊಮ್ಮೆಯಾದರೂ ನಂಜನಗೂಡಿಗೆ ಬಂದು ಉಳಿಯುತ್ತಿದ್ದರು. ಬೆಳಿಗ್ಗೆ ಅಪ್ಪ ಕೂತರೆ ಹಣೆಗೆ ವಿಭೂತಿ ಹಚ್ಚಿಕೊಂಡು ತಾವೂ ಪಕ್ಕದಲ್ಲಿ ಕೂರುವರು, ಆದರೆ ಕಣ್ಣು ಮುಚ್ಚುತ್ತಿರಲಿಲ್ಲ. ದೊಡ್ಡಪ್ಪ, ಧ್ಯಾನಕ್ಕೆ ಕಣ್ಣು ಮುಚ್ಚಬೇಕು ಎಂದು ಒಂದು ದಿನ ನಾನು ಪಾಠ ಹೇಳಲು ಹೋದೆ.

“ಅವ್ನು ಕಣ್ಮುಚ್ಕಂಡು ಅಣ್ಣ ಚೆನ್ನಾಗಿರ್ಲಿ ಅಂತಾನೆ ಮಗ,” ಎಂದರು. “ಅವ್ನು ಚೆನ್ನಾಗವ್ನಾ ಅಂತ ನಾನು ಕಣ್ ಬುಟ್ಕಂಡು ನೋಡ್ಕತೀನಿ.”

ಅಪ್ಪನ ಕಣ್ಣು ಮುಚ್ಚಿಯೇ ಇತ್ತು. ತುಟಿ ಮಾತ್ರ, ಮುಂದಿನ ಹೆಸರು ಹೇಳಲಾಗದೆ, ನಗುತ್ತಿತ್ತು.