ಬಿಟ್ಟುಹೋದ ಇಪ್ಪತ್ತಮೂರು ಬಾವಿಗಳು

ಕೊಳಕೂರಿನಲ್ಲಿ ಬೋರು ಫೇಲಾದರೆ ಯಾರೂ ಬಾಯಿ ಬಿಡುವುದಿಲ್ಲ. ನೀರು ಬಿದ್ದರೆ ಮಾತ್ರ ಊರಿಗೆಲ್ಲ ಪೇಡೆ. ಆ ಊರಿನ ಯಶೋಧರಾ ಕಾಲೇಜಿನಲ್ಲಿದ್ದಾಗಲೇ ಜೇವರ್ಗಿ, ಅಫಜಲಪುರ ಸೀಮೆಯ ಹೊಲಹೊಲ ತಿರುಗಿ, ಜನ ಮುಚ್ಚಿಟ್ಟ ಒಣ ಬೋರುಗಳ ಲೆಕ್ಕವನ್ನೇ ಕೇಳಿ ಕೇಳಿ ಬರೆದುಕೊಂಡಳು. ಖಾಸೀಂಬಿ ಎಂಬ ಮುದುಕಿ ತನ್ನ ನಾಲ್ಕು ಒಣ ಬೋರುಗಳ ಸುದ್ದಿಯನ್ನು ಮಗನಿಗೂ ಹೇಳದೆ ಆಕೆಗೆ ಹೇಳಿದಳು. ಈ ಹುಡುಗಿ ಬರೆದರೆ ಸುಳ್ಳಿರುವುದಿಲ್ಲ ಎಂಬ ಹೆಸರು ಹುಟ್ಟಿದ್ದು ಹೀಗೆ.

ಆ ಹೆಸರು ಕೇಳಿಯೇ ಹಿರೋಳ್ಳಿಯ ಜಗದೇವ ಆಕೆಯನ್ನು ಆಳಂದದ ತನ್ನ ಕಚೇರಿಗೆ ಕರೆದ. ನೆಲದಡಿ ಇನ್ನೂ ಯಾರಿಗೂ ಸಿಗದ ಎಣ್ಣೆ, ಅನಿಲ ಎಷ್ಟಿರಬಹುದೆಂದು ಕಂಪನಿಗಳಿಗೆ ಅಂದಾಜು ಕಟ್ಟಿಕೊಡುವ ಕೆಲಸ. ಕೊರೆದ ಬಾವಿಗಳೆಷ್ಟು, ಎಣ್ಣೆ ಕಂಡವೆಷ್ಟು, ಕಂಡ ನಿಕ್ಷೇಪದ ಗಾತ್ರವೆಷ್ಟು ಎಂದು ತೆಗೆದು, ಕಂಪ್ಯೂಟರಿನಲ್ಲಿ ಹತ್ತು ಸಾವಿರ ಸಲ ಚೀಟಿ ಎತ್ತಿದಂತೆ ಲೆಕ್ಕ ಓಡಿಸಬೇಕು. ಉತ್ತರ ಒಂದೇ ಅಂಕಿಯಲ್ಲ. ಕಡಿಮೆಯೆಂದರೆ ಇಷ್ಟು, ಹೆಚ್ಚೆಂದರೆ ಇಷ್ಟು. ಏನೂ ಸಿಗದ ಒಣ ಬಾವಿ ಮೊದಲು ಎಣಿಸಬೇಕೆಂದು ಕಲಿಸಿದವನೂ ಜಗದೇವನೇ. ಮೂರು ವರ್ಷ ಆಕೆ ಅವನನ್ನು ಅಣ್ಣನೆಂದೇ ತಿಳಿದಳು.

ಕಳೆದ ವರ್ಷ ಪರರಾಜ್ಯದ ಒಂದು ಬಯಲಿನ ಲೆಕ್ಕ ಬಂತು. ಆಕೆ ಎಣಿಸಿದ್ದು ನಲವತ್ತೊಂದು ಬಾವಿ, ಎಣ್ಣೆ ಕಂಡವು ಆರು, ಹೆಚ್ಚುಕಡಿಮೆ ಏಳಕ್ಕೊಂದು. ಅಚ್ಚಾಗಿ ಬಂದ ವರದಿಯಲ್ಲಿ ಬಾವಿಗಳು ಬರೀ ಹದಿನೆಂಟು, ಮೂರಕ್ಕೊಂದು ಎಣ್ಣೆ! ಇಪ್ಪತ್ತಮೂರು ಒಣ ಬಾವಿ ಮಾಯ, ಅಂದಾಜು ದುಪ್ಪಟ್ಟಿಗಿಂತ ಹೆಚ್ಚು. ಮೊದಲ ಪುಟದಲ್ಲಿ, ಲೆಕ್ಕ ಹಾಕಿದವರು: ಯಶೋಧರಾ.

ವರದಿ ಹಿಡಿದು ಹೋಗಿ ಅವನ ಮುಂದೆ ನಿಂತಳು. ಅವು ಹಳೇ ಬಾವಿಗಳು, ಆಗಿನ ಯಂತ್ರ ಸರಿಯಿರಲಿಲ್ಲ ಎಂದು ಏನೇನೋ ಹೇಳಿ ಜಗದೇವ ಚಹಾ ತರಿಸಿದ. ಆಕೆ ಮುಟ್ಟಲಿಲ್ಲ.

"ಹಂಗಿದ್ರ ನನ್ನ ಹೆಸರ ತಗೀರಿ, ಅಣ್ಣಾರ. ನಿಮ್ಮದ ಹಾಕ್ಕೋರಿ."

"ನನ್ನ ಹೆಸರ ನೋಡಿ ಯಾರ್ ನಂಬ್ತಾರಬೇ? ಒಣ ಬೋರ ಎಣಿಸಾಕಿ ಅಂತ ನಿನಗ ಹೆಸರದ. ಅದಕ್ಕೇ ಅಲ್ಲೇನ ನಿನ್ನ ಕರಕೊಂಡಿದ್ದು?"

ನಗುನಗುತ್ತಲೇ ಹೇಳಿದ. ಮೂರು ವರ್ಷ ತನ್ನನ್ನು ಯಾತಕ್ಕೆ ಸಾಕಿದನೆಂದು ಆಕೆಗೆ ಆಗ ತಿಳಿಯಿತು.

ಅಂದೇ ಕೆಲಸ ಬಿಟ್ಟಳು. ಇಪ್ಪತ್ತಮೂರು ಬಾವಿಗಳ ಪಟ್ಟಿ ಬರೆದು, ಸಹಿ ಹಾಕಿ, ವರದಿ ಮಾಡಿಸಿದ ಕಂಪನಿಗೆ ಕಳಿಸಿದಳು. ಅವರಾದರೂ ಬೆಚ್ಚಿಬೀಳುತ್ತಾರೆ ಅಂದುಕೊಂಡಿದ್ದಳು. ಉತ್ತರ ನಾಲ್ಕೇ ಸಾಲು: ಯಾವ ಬಾವಿ ಬಿಡಬೇಕೆಂದು ಜಗದೇವ ಅವರಿಗೆ ತಿಳಿಸಿದವರು ನಾವೇ, ಹೆಸರು ಬದಲಿಸುವ ಅಗತ್ಯ ಕಾಣುವುದಿಲ್ಲ. ಕೊನೆಗೆ ವಂದನೆ ಬೇರೆ.

ಈಗ ಆಕೆ ಜೇವರ್ಗಿಯಲ್ಲಿ ಮಕ್ಕಳಿಗೆ ಗಣಿತ ಹೇಳುತ್ತಾಳೆ. ಹಣ ಹೂಡುವವರ ಮುಂದೆ ಆ ವರದಿ ಇನ್ನೂ ತಿರುಗಾಡುತ್ತಿದೆ. ಯಾರಾದರೂ ಅನುಮಾನಪಟ್ಟರೆ, ಕಂಪನಿಯವರು ಮೊದಲ ಪುಟ ತೆರೆದು ಆಕೆಯ ಹೆಸರು ತೋರಿಸುತ್ತಾರೆ.