ಮನೋಹರನ ಟ್ಯಾಂಕಿಗೆ ಕುಂಕುಮ

ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ದಿನವಿಡೀ ಲೇತ್ ಮುಂದೆ ನಿಂತು ಕಬ್ಬಿಣ ಕಡೆಯುವ ಮನುಷ್ಯ ಮನೆಗೆ ಬಂದು ಕಾಲು ಚಾಚಿ ಟೀವಿ ನೋಡಬೇಕು ತಾನೇ? ನಜರ್‌ಬಾದಿನ ಮನೋಹರ್ ಆ ಜಾತಿಯವನಲ್ಲ. ಕೈಕಾಲು ತೊಳೆದವನೇ ಟ್ಯಾಂಕ್ ಕಟ್ಟಲು ಕೂರುತ್ತಿದ್ದ. ಎಪ್ಪತ್ತೊಂದರ ಯುದ್ಧದಲ್ಲಿ ಓಡಿದ ಸೆಂಚುರಿಯನ್ ಟ್ಯಾಂಕಿನ ಮೊಳದುದ್ದದ ಮಾದರಿ ಅದು. ತಗಡು ಕತ್ತರಿಸಿ, ಸರಪಳಿಯ ಒಂದೊಂದು ಕೊಂಡಿಗೂ ಗುಂಡುಸೂಜಿಯ ಚೂರು ಬಡಿದು, ವರ್ಷಗಟ್ಟಲೆ ಅದರ ಬೆನ್ನು ಬಿದ್ದಿದ್ದ. ಹೆಂಡತಿ ಕುಸುಮ ನೆಂಟರ ಮುಂದೆಲ್ಲ, "ನನಗೊಬ್ಬಳು ಸವತಿ ಇದಾಳೆ ಕಣ್ರೀ, ತಗಡಿನೋಳು" ಎಂದು ಆಡಿಕೊಳ್ಳುತ್ತಿದ್ದಳು.

ಈ ಹುಚ್ಚು ಹತ್ತಿಸಿದವರು ಎದುರುಮನೆಯ ಜವರಯ್ಯ. ಆ ಯುದ್ಧದಲ್ಲಿ ಅಂಥದೇ ಟ್ಯಾಂಕ್ ಓಡಿಸಿದವರು. ಅವರ ಬಾಯಲ್ಲಿ ‘ಇದು ನನ್ನ ಗಾಡಿ’ ಅನ್ನಿಸಬೇಕು, ಮನೋಹರನಿಗೆ ಬೇಕಿದ್ದದ್ದು ಅಷ್ಟೇ. ಮುದುಕರೋ ಸುಲಭಕ್ಕೆ ಜಗ್ಗುವ ಆಸಾಮಿಯಲ್ಲ. ಬಂದಾಗಲೆಲ್ಲ ಕನ್ನಡಕ ಸರಿಮಾಡಿಕೊಂಡು, "ಚೆನ್ನಾಗದೆ ಬುಡು. ಆದ್ರೆ ನನ್ ಗಾಡಿ ಅಲ್ಲ ಕಣಪ್ಪ" ಅನ್ನುವರು. ಏನು ಕೊರತೆ ಎಂದು ಕೇಳಿದರೆ ಅವರಿಗೂ ಗೊತ್ತಿಲ್ಲ. ಮನೋಹರ್ ಚಕ್ರ ಬಿಚ್ಚಿ ಮತ್ತೆ ಕೂರಿಸಿದ, ಬಣ್ಣ ಕೆರೆದು ಮತ್ತೆ ಬಳಿದ. ಜವರಯ್ಯನವರ ಮಾತು ಮಾತ್ರ ಬದಲಾಗಲಿಲ್ಲ.

ಆಯುಧಪೂಜೆಯ ದಿನ ಮನೋಹರ್ ಕಾರ್ಖಾನೆಯ ಪೂಜೆಗೆ ಹೋಗಿದ್ದ. ಮನೆಯಲ್ಲಿ ಕುಸುಮ ಸ್ಕೂಟರು, ಮಿಕ್ಸಿ, ಈಳಿಗೆಮಣೆ, ಹೊಲಿಗೆಯಂತ್ರ ಎಲ್ಲಕ್ಕೂ ಪೂಜೆ ಮಾಡಿದಳು. ಸವತಿಯೊಬ್ಬಳನ್ನು ಯಾಕೆ ಬಿಡಬೇಕೆಂದು ಒದ್ದೆ ಕೈಯಲ್ಲೇ ಟ್ಯಾಂಕಿನ ಫಿರಂಗಿಗೆ ಮೂರು ಪಟ್ಟೆ ವಿಭೂತಿ ಎಳೆದು, ನಡುವೆ ಢಾಳಾಗಿ ಕುಂಕುಮ ಇಟ್ಟಳು.

ಮನೆಗೆ ಬಂದ ಮನೋಹರ್ ಚಪ್ಪಲಿಯನ್ನೂ ಬಿಡದೆ ಟ್ಯಾಂಕಿನತ್ತ ಓಡಿದ. ಹೊಳಪಿಲ್ಲದ ಆ ಹಸಿರು ಬಣ್ಣ ಕುಂಕುಮವನ್ನು ಹೀರಿಕೊಂಡುಬಿಟ್ಟಿತ್ತು. ಬಟ್ಟೆ ತಂದು ಒರೆಸಿದ. ಒರೆಸಿದಷ್ಟೂ ಕೆಂಪು ಹರಡಿತು.

"ಎಷ್ಟು ದಿನದ ಕೆಲಸ ಕಣೇ ಇದು. ಕೆಡಿಸಿಬುಟ್ಟೆಯಲ್ಲ."

"ಪೂಜೆ ಮಾಡಿದ್ದಕ್ಕೂ ಬೈಸ್ಕೋಬೇಕಾ? ನೀವೀಗ ಲೇತಿಗೆ ಕುಂಕುಮ ಇಟ್ಟೇ ತಾನೇ ಬಂದಿದ್ದು?"

ಅವನು ಬಟ್ಟೆಯನ್ನು ಮತ್ತೆ ಒದ್ದೆಮಾಡಿ ಇನ್ನೂ ಜೋರಾಗಿ ಉಜ್ಜತೊಡಗಿದ.

ಅಷ್ಟರಲ್ಲಿ ಪ್ರಸಾದದ ಕಡಲೆಪುರಿಗೆಂದು ಜವರಯ್ಯ ಬಂದರು. ಮನೋಹರ್ ಗಡಿಬಿಡಿಯಲ್ಲಿ ಬಟ್ಟೆಯನ್ನು ಫಿರಂಗಿಯ ಮೇಲೆ ಎಳೆದ.

"ಮುಚ್ಚಬ್ಯಾಡ, ತೆಗಿ" ಎಂದರು ಜವರಯ್ಯ. ಮನೋಹರ್ ಬಟ್ಟೆ ತೆಗೆದ. ಅವರು ಬಗ್ಗಿ ನೋಡಿದರು. ಆಮೇಲೆ ಫಿರಂಗಿಯನ್ನು ಮೆಲ್ಲಗೆ ಮುಟ್ಟಿ, "ನಾವೂ ಮಿಲ್ಟ್ರೀಲಿ ಗಾಡಿಗೆ ಆಯುಧಪೂಜೆ ಮಾಡಿದ್ದೊ ಕಣಪ್ಪ. ಯುದ್ಧಕ್ಕೆ ಹೊರಟಾಗ್ಲೂ ಕುಂಕುಮ ಹಿಂಗೇ ಮೆತ್ಕೊಂಡಿತ್ತು. ಮರ್ತೇಬುಟ್ಟಿದ್ದೆ. ಇದು ನನ್ ಗಾಡಿ" ಅಂದರು.

ಇಷ್ಟು ಖುಷಿ ಮನೋಹರನಿಗೆ ಬಡ್ತಿ ಸಿಕ್ಕಾಗಲೂ ಆಗಿರಲಿಲ್ಲ.

"ಅವ್ವಾ, ಕುಂಕುಮದ ಬಟ್ಲು ಕೊಡು" ಎಂದು ಕುಸುಮಳನ್ನು ಕೇಳಿದ ಜವರಯ್ಯ, ಚಾಲಕ ಇಳಿಯುವ ಪುಟ್ಟ ಮುಚ್ಚಳದ ಪಕ್ಕ ಬೆರಳಿಂದ ಬೊಟ್ಟಿಟ್ಟರು. "ನಾನು ಕೂರ್ತಿದ್ದ ಜಾಗ" ಎಂದರು.

ಬಟ್ಟಲಲ್ಲಿ ಕುಂಕುಮ ಮುಗಿಯುತ್ತ ಬಂದಿತ್ತು. ಮನೋಹರ್ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಹೆಂಡತಿಗೆ ಕೊಟ್ಟು, ಇನ್ನಷ್ಟು ತರಲು ತಾನೇ ದೇವರಮನೆಗೆ ಹೋದ.