ಜೋಡುದೋಣಿಯ ಪಂಚಮಿ

ನಮ್ಮ ಮನೆಯ ಮುಂದೆ ಒಂದು ದೋಣಿ ನಿಂತಿದೆ. ನಗುವವರು ಈಗಲೇ ನಕ್ಕು ಮುಗಿಸಿಬಿಡಿ, ಆಮೇಲೆ ನಡುವೆ ಬಾಯಿ ಹಾಕಬೇಡಿ. ನಿಡಗುಂದಿಯಲ್ಲಿ ಒಬ್ಬರ ಅಂಗಳದಲ್ಲಿ ಟ್ರ್ಯಾಕ್ಟರ್ ನಿಲ್ಲುತ್ತದೆ, ಒಬ್ಬರಲ್ಲಿ ಎಮ್ಮೆ, ಹೆಚ್ಚೆಂದರೆ ಒಂದು ಕಾರು. ನಮ್ಮಲ್ಲಿ ಮಾತ್ರ ಹದಿನಾರು ಅಡಿ ಉದ್ದದ, ಎರಡು ಹೊಟ್ಟೆಯ, ಹಾಯಿ ಕಟ್ಟುವ ದೋಣಿ, ಅದೂ ಎರಡು ಗಾಲಿಯ ಗಾಡಿಯ ಮೇಲೆ. ಅದಕ್ಕೆ ಕ್ಯಾಟಮರಾನ್ ಎನ್ನುತ್ತಾರಂತೆ. ನನ್ನ ಗಂಡ ಅದನ್ನು ಜೋಡೆತ್ತು ಎನ್ನುತ್ತಾರೆ. ಎಡದ ಹೊಟ್ಟೆ ಎಡದ ಎತ್ತು, ಬಲದ್ದು ಬಲದ ಎತ್ತು, ಎರಡನ್ನೂ ಕೂಡಿಸುವ ಅಲ್ಯೂಮಿನಿಯಂ ಕೊಳವೆಗಳು ನೊಗ. ಆ ಕೊಳವೆಗಳ ನಡುವೆ ಬಿಗಿದ ಜಾಳಿಗೆಯ ಬಟ್ಟೆಯ ಮೇಲೆ ಜನ ಕೂಡುವುದು. ನನಗೆ ಸಿಟ್ಟು ಬಂದಾಗ ಅದನ್ನು ಸವತಿ ಎನ್ನುತ್ತೇನೆ. ಸಿಟ್ಟು ನನಗೆ ದಿನಾ ಬರುತ್ತದೆ.

ನನ್ನ ಗಂಡನ ಹೆಸರು ಮಾಳಿಂಗ. ಬಾಯಿಂದ ಹೇಳುವುದಿಲ್ಲ, ಬರೆಯುವುದಕ್ಕೇನಂತೆ. ಕುರಿ ಕಾಯುವ ಮನೆತನ. ಇವರೊಬ್ಬರೇ ವೆಲ್ಡಿಂಗ್ ಕಲಿತು ಹೈವೇ ಪಕ್ಕದಲ್ಲಿ ಶೆಡ್ ಹಾಕಿ ಟ್ರ್ಯಾಕ್ಟರ್ ಟ್ರಾಲಿ ಮಾಡುತ್ತಾರೆ. ಮುದ್ದೇಬಿಹಾಳದಿಂದ ಸಿಂದಗಿಯವರೆಗೆ ಕಬ್ಬು ಹೊರುವ ಟ್ರಾಲಿಗಳಲ್ಲಿ ಇವರ ಕೈಯವು ಎಷ್ಟೋ ಇವೆ. ಹತ್ತು ವರ್ಷದ ಹಿಂದೆ ಕಾರವಾರದ ಕಡೆಯವರೊಬ್ಬರು ದೋಣಿ ಹೊರುವ ಗಾಡಿ ಮಾಡಿಕೊಡಿ ಎಂದು ಹೇಳಿ ಕಳಿಸಿದರು. ಮಾಡಿದರು. ಮುಟ್ಟಿಸಲು ಹೋದವರು ಅಲ್ಲಿ ತೆಂಗಿನ ಮರದ ಕೆಳಗೆ ಬಿದ್ದಿದ್ದ ಈ ಹಳೆಯ ದೋಣಿ ನೋಡಿದರು. ಮೂರನೇ ದಿನ ಮನೆಗೆ ಬಂದಾಗ ಗಾಡಿಯೂ ಇಲ್ಲ, ಅದರ ರೊಕ್ಕವೂ ಇಲ್ಲ. ಪಿಕಪ್ ಮೇಲೆ ಹಗ್ಗ ಬಿಗಿದ ದೋಣಿ ಇತ್ತು.

"ಏನ್ರಿ ಇದು?"

"ಹಾಯಿದೋಣಿ."

"ಯಾರಿಗಿ?"

"ನಮಗ."

"ನಿಮಗ ಈಸಾಕರ ಬರ್ತೈತೇನ್ರಿ?"

"ಕಲಿತೇನಿ ತಗೋ."

ಕಲಿತರು ಕೂಡ. ಮೊದಲು ಈಸು, ಆಮೇಲೆ ಹಾಯಿ. ಫೋನಿನಲ್ಲಿ ಯಾರೋ ಪರದೇಶದವರ ವಿಡಿಯೋ ನೋಡುವುದು, ಮರುದಿನ ಆಲಮಟ್ಟಿಯ ಹಿನ್ನೀರಿನಲ್ಲಿ ದೋಣಿ ಮಗುಚಿ ಬೀಳುವುದು. ಅಣೆಕಟ್ಟಿನ ಹತ್ತಿರ ಯಾರೂ ಬಿಡುವುದಿಲ್ಲ, ಬಹಳ ಮೇಲೆ, ದಂಡೆ ಇಳಿಜಾರಿದ್ದಲ್ಲಿ, ಇದಕ್ಕೆಂದೇ ಮಾಡಿಕೊಂಡ ಇನ್ನೊಂದು ಗಾಡಿಯನ್ನು ಹಿಂದು ಹಿಂದಕ್ಕೆ ನೀರಿಗೆ ಇಳಿಸುತ್ತಿದ್ದರು. ಟ್ರಾಲಿ ಹಿಂದಕ್ಕೆ ತಗೊಳ್ಳುವುದರಲ್ಲಿ ಇವರನ್ನು ಮೀರಿಸುವವರಿಲ್ಲ, ಅದನ್ನು ಒಪ್ಪುತ್ತೇನೆ. ಗಾಳಿಯೂ ಇವರಿಗೆ ಬೇಗ ಒಲಿಯಿತು. ಚಿಕ್ಕಂದಿನಲ್ಲಿ ಕಣದಲ್ಲಿ ನಿಂತು ಜೋಳ ತೂರಿದವರು. ಗಾಳಿ ಎತ್ತ ಬೀಸುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಯಾವಾಗ ಮೋಸ ಮಾಡುತ್ತದೆ ಎಂಬುದನ್ನು ಕೆನ್ನೆಯಲ್ಲೇ ತಿಳಿಯುತ್ತಾರೆ. ಹಾಯಿ ಹರಿದಾಗಲೆಲ್ಲ ಹೊಲಿದುಕೊಟ್ಟವಳು ನಾನು. ಕುಪ್ಪಸ ಹೊಲಿಯುವ ಮಿಶಿನ್ನಿಗೆ ದಪ್ಪ ಸೂಜಿ ಹಾಕಿ, ಬೈಯುತ್ತ ಹೊಲಿದೆ. ಆದರೆ ಒಂಬತ್ತು ವರ್ಷ ಅದರ ಮೇಲೆ ಕಾಲಿಡಲಿಲ್ಲ.

ಈಗ ನನ್ನ ಮಾತು ಬಂತು. ನಾನು ರೇಣವ್ವ. ನನ್ನ ತವರು ನಿಡಗುಂದಿಯಿಂದ ದೂರವೇನಿಲ್ಲ, ಆ ಹಿನ್ನೀರಿನ ತಳದಲ್ಲೇ ಇದೆ. ಊರಿನ ಹೆಸರು ಹೇಳಿ ಏನು ಮಾಡಲಿ, ನಕಾಶೆಯಲ್ಲಿ ಅಲ್ಲಿ ನೀಲಿ ಬಣ್ಣ ಬಳಿದಿದ್ದಾರೆ. ಊರು ಖಾಲಿಯಾದಾಗ ನನ್ನ ಮದುವೆಯಾಗಿ ಎರಡು ವರ್ಷ. ಕೊನೆಯ ದಿನ ಹೋಗಿದ್ದೆ. ನಮ್ಮವ್ವ ಹನಮವ್ವ ಬಾಗಿಲ ಚೌಕಟ್ಟು ಕೀಳಿಸಿ ಟ್ರ್ಯಾಕ್ಟರಿಗೆ ಏರಿಸುವ ಗಡಿಬಿಡಿಯಲ್ಲಿದ್ದಳು. ನಮ್ಮಲ್ಲಿ ಮಗಳನ್ನು ಉಡಿ ತುಂಬದೆ ತವರಿನಿಂದ ಕಳಿಸುವುದಿಲ್ಲ. ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಅರಿಸಿನ ಕೊಂಬು, ಅಡಿಕೆ, ಕುಪ್ಪಸದ ಖಣ ಇಟ್ಟು ಕಳಿಸುತ್ತಾರೆ. ಮಗಳು ಆ ಅಕ್ಕಿಯಲ್ಲಿ ಒಂದು ಹಿಡಿ ತವರಿನಲ್ಲೇ ಬಿಟ್ಟು ಬರಬೇಕು, ತವರು ಬರಿದಾಗಬಾರದು ಎಂದು. ಅಂದು ಅಕ್ಕಿಯ ಚೀಲ ಸಾಮಾನಿನ ತಳದಲ್ಲಿ ಸಿಕ್ಕಿಕೊಂಡಿತ್ತು. "ಹೊಸ ಮನ್ಯಾಗ ತುಂಬ್ತೇನಿ ತಗೋ" ಎಂದಳು ಅವ್ವ. ಹೊಸ ಮನೆ ಏಳುವ ಮೊದಲೇ ಹೋಗಿಬಿಟ್ಟಳು. ನನ್ನ ಉಡಿ ಹಾಗೇ ಉಳಿಯಿತು.

ತಮ್ಮ ಸಂಗು ಇಂಡಿ ಕಡೆ ಹೊಲ ಹಿಡಿದು ಲಿಂಬಿ ತೋಟ ಮಾಡಿದ. ಮನೆ ಕಟ್ಟಿದ. ಮೊದಲ ನಾಗರಪಂಚಮಿಗೆ ಎಳ್ಳು, ಶೇಂಗಾ ಉಂಡಿಯ ಗಂಟು ಹಿಡಿದು ನನ್ನನ್ನು ಕರೆಯಲು ಬಂದ. ಪಂಚಮಿಗೆ ಅಣ್ಣನೋ ತಮ್ಮನೋ ಬಂದು ಕರೆಯಬೇಕು, ಕರೆಯದೆ ಹೆಣ್ಣುಮಗಳು ತವರಿಗೆ ಹೋಗುವುದಿಲ್ಲ. ಪಾಪ, ಬಿಸಿಲಲ್ಲಿ ಮೂರು ಬಸ್ಸು ಬದಲಿಸಿ ಬಂದಿದ್ದ. ನಾನೋ, ಅವ್ವನ ದುಃಖವನ್ನೆಲ್ಲ ಅವನ ಮೇಲೆ ಸುರಿದೆ.

"ಅದು ನಿನ್ನ ಮನಿ, ನನ್ನ ತವರಲ್ಲ. ಅವ್ವನ ಮನಿಯಿಂದ ಕರಿಯಾಕ ಬರೂದಿದ್ರ ಬಾ. ಇಲ್ಲಂದ್ರ ನನ್ನ ಹೊಸ್ತಿಲ ತುಳೀಬ್ಯಾಡ."

ಅವನು ಗಂಟನ್ನು ಕಟ್ಟೆಯ ಮೇಲಿಟ್ಟು ಹೊರಟುಹೋದ. ಚಹಾ ಕೂಡ ಕುಡಿಯಲಿಲ್ಲ. ಎಂಥ ಮಾತು ಆಡಿದೆನಲ್ಲ ಎಂದು ಅವತ್ತು ಸಂಜೆಯೇ ನನಗೆ ಗೊತ್ತಾಯಿತು. ಆದರೆ ನನ್ನ ನಾಲಿಗೆ ಮುಂದೆ ಹೋಗಲು ಗೊತ್ತು, ಹಿಂದೆ ಬರಲು ಗೊತ್ತಿಲ್ಲ. ಮದುವೆ ಮುಂಜಿಯಲ್ಲಿ ಭೇಟಿಯಾದರೆ "ಆರಾಮ ಅದಿಯೇನ?" "ಆರಾಮ." ಅಷ್ಟೇ. ಇಪ್ಪತ್ತೆರಡು ಪಂಚಮಿ ಹೀಗೇ ಕಳೆದವು. ಓಣಿಯ ಹೆಂಗಸರು ತವರಿನಿಂದ ಬಂದ ಉಂಡಿ ಹಂಚುವಾಗ ನಾನು ಬಾಗಿಲು ಮುಂದೆ ಮಾಡಿಕೊಂಡು ಮಿಶಿನ್ ತುಳಿಯುತ್ತಿದ್ದೆ. ಎಷ್ಟು ಬಯಸಿದೆ ಎಂದು ಕೇಳಬೇಡಿ.

ನನ್ನ ಗಂಡನಿಗೆ ಇದರಲ್ಲಿ ಅರ್ಧ ಮಾತ್ರ ತಿಳಿದಿತ್ತು. ಸಂಗು ಬಂದ ದಿನ ಇವರು ಊರಲ್ಲಿರಲಿಲ್ಲ. ಆಡಿದ ಮಾತನ್ನು ಹೇಳಿಕೊಳ್ಳಲು ನನಗೂ ಬಾಯಿ ಬರಲಿಲ್ಲ. ದೋಣಿ ಬಂದಮೇಲೆ ಪ್ರತಿ ಪಂಚಮಿಗೆ ಕೇಳುತ್ತಿದ್ದರು: "ಬರ್ತಿಯೇನ? ನಿಮ್ಮೂರ ಮ್ಯಾಲ ಹಾದು ಬರೂಣು."

"ಒಲ್ಲೆ."

ನೀರಿಗೆ ಅಂಜುತ್ತಾಳೆ ಎಂದುಕೊಂಡರು. ಒಂದು ವರ್ಷ ನನ್ನ ಅಳತೆಯ ಕಿತ್ತಳೆ ಬಣ್ಣದ ತೇಲುವ ಅಂಗಿ ಬಂತು. ಇನ್ನೊಂದು ವರ್ಷ ಹಿಡಿದುಕೊಳ್ಳಲು ಹಗ್ಗದ ಕಟಾಂಜನ. ಮತ್ತೊಂದು ವರ್ಷ ಸೀರೆ ತೊಯ್ಯಬಾರದೆಂದು ಮುಂಭಾಗಕ್ಕೆ ತಾಡಪತ್ರೆ. ಅಯ್ಯೋ ದೇವರೇ! ನಾನು ಕೃಷ್ಣೆಯ ದಂಡೆಯ ಹುಡುಗಿ, ಆರು ವರ್ಷಕ್ಕೆ ಈಸು ಕಲಿತವಳು, ನೀರಿಗೆ ಯಾಕೆ ಅಂಜಲಿ? ಗಂಡ ಕರೆದರೆ ಅದು ತಿರುಗಾಟ, ತವರಲ್ಲ. ಇಷ್ಟು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಹೇಳಲಿಲ್ಲ. ಅವರು ನನ್ನ ಅಂಜಿಕೆಗೆ ಮದ್ದು ಹುಡುಕುತ್ತ ದೋಣಿ ಸಿಂಗರಿಸುತ್ತಲೇ ಹೋದರು.

ಅಷ್ಟರಲ್ಲಿ ಜೋಡೆತ್ತು ಜಿಲ್ಲೆಯ ಕೆರೆಗಳನ್ನೆಲ್ಲ ಸುತ್ತಿತು. ದೇವಣಗಾಂವದ ಹತ್ತಿರ ಭೀಮಾ ಹೊಳೆಯಲ್ಲೂ ಇಳಿಯಿತು. ಬಸವನ ಬಾಗೇವಾಡಿಯಲ್ಲಿ ಪಿಕಪ್ ನಿಲ್ಲಿಸಿದರೆ ಸಾಕು, ಜನ ಮುಕುರುತ್ತಿದ್ದರು. "ಏನ್ರಿ ಮಾಳಿಂಗಣ್ಣಾ, ವಿಮಾನ ಬಿಚ್ಚಿ ತಂದೀರೇನ?" ಎಂದು ಒಬ್ಬ. "ಹೂಂ, ರೆಕ್ಕಿ ಹಿಂದ ಬರಾಕತ್ತಾವ" ಎಂದು ಇವರು. ಹೋದ ವರ್ಷ ಫೆಬ್ರುವರಿಯಲ್ಲಿ ಸಮುದ್ರಕ್ಕೂ ಒಯ್ದರು. ನಾನು ಜೊತೆಗೆ ಹೋಗಿ ಮರಳಿನ ಮೇಲೆ ಕುಳಿತೆ. ಬಿಳಿಯ ಹಾಯಿ ಸಣ್ಣದಾಗುತ್ತ ಆಗುತ್ತ ಜೋಳದ ಕಾಳಿನಷ್ಟಾಯಿತು. ಮರಳಿ ಬಂದವರ ಮುಖದಲ್ಲಿ ಮಾತ್ರ ಹಿಗ್ಗು ಇರಲಿಲ್ಲ.

"ಎಷ್ಟು ವರ್ಷದ ಆಸೆ ಆಗಿತ್ತಲ್ರಿ. ಏನಾತು?"

"ಆ ಕಡಿ ದಂಡೀನ ಇಲ್ಲ ರೇಣಾ. ಹೋಗೂದು ಎಲ್ಲಿಗಿ ಅಂತ ಗೊತ್ತಿದ್ರ ಹಾಯಿ ಚಂದ. ನಂಗ ಹೋಗೂದು ಒಂದ ಜಾಗಾ ಐತಿ, ಅಲ್ಲಿಗಿ ನೀ ಬರವಲ್ಲಿ."

ನಾನು ಬುತ್ತಿ ಬಿಚ್ಚಿದೆ.

ಸಮುದ್ರದಿಂದ ಬಂದಮೇಲೆ ಗಾಡಿಯ ಗಾಲಿಗಳನ್ನು ಸಿಹಿನೀರಲ್ಲಿ ತೊಳೆಯಬೇಕಿತ್ತಂತೆ. ಜೀವಮಾನವೆಲ್ಲ ಗಾಲಿ ಮಾಡಿದ ಮನುಷ್ಯನಿಗೆ ಅದು ಹೊಳೆಯಲೇ ಇಲ್ಲ. ನಮ್ಮ ಕರಿಮಣ್ಣಿನಲ್ಲಿ ಗಾಲಿಗೆ ಕೆಸರು ಹತ್ತುತ್ತದೆ, ಧೂಳು ಹತ್ತುತ್ತದೆ, ಉಪ್ಪು ಯಾವಾಗ ಹತ್ತಿತ್ತು? ತಿಂಗಳೊಪ್ಪತ್ತಿನಲ್ಲಿ ಇಂಡಿ ಕಡೆಯ ಒಂದು ಕೆರೆಗೆ ನೀರು ಬಂದಿದೆ ಎಂದು ದೋಣಿ ಕಟ್ಟಿಕೊಂಡು ಹೋದಾಗ, ಒಳಗೆ ತುಕ್ಕು ತಿಂದ ಬೇರಿಂಗ್ ದಾರಿಯಲ್ಲೇ ಹಿಡಿದುಕೊಂಡಿತು. ಹತ್ತಿರದಲ್ಲಿ ಪರಿಚಯದವನೆಂದರೆ ಸಂಗು ಒಬ್ಬನೇ. ಅವನು ಟ್ರ್ಯಾಕ್ಟರ್ ತಂದು ಗಾಡಿ ಎಳೆದುಕೊಂಡು ಹೋದ. ಇವರು ಎರಡು ದಿನ ಅಲ್ಲೇ ಉಳಿದರು. ಬೇರಿಂಗ್ ಬದಲಿಸಲು ಎರಡು ದಿನ ಬೇಕೇ ಎಂದು ನಾನು ಕೇಳಿದೆ. "ಸಾಮಾನ ಸಿಗಲಿಲ್ಲ" ಎಂದರು. ಸುಳ್ಳು ಹೇಳುವಾಗ ಇವರು ಕಿವಿ ತುರಿಸಿಕೊಳ್ಳುತ್ತಾರೆ, ಅವತ್ತು ಎರಡೂ ಕಿವಿ ತುರಿಸಿಕೊಂಡರು.

ಪಂಚಮಿ ಬಂತು. ಹಿನ್ನೀರು ತುಂಬಿತ್ತು, ಗಾಳಿಯೂ ಇತ್ತು. ಇವರು ನಸುಕಿನಲ್ಲೇ ದೋಣಿ ಕಟ್ಟಿಕೊಂಡು ಹೊರಟರು. ಈ ಸಲ ಬರ್ತಿಯೇನ ಎಂದು ಕೇಳಲೂ ಇಲ್ಲ.

"ಹಬ್ಬದ ದಿನಾನೂ ಬಿಡಂಗಿಲ್ಲೇನ್ರಿ ಆ ಸವತೀನ?" ಎಂದು ಬೆನ್ನ ಹಿಂದೆ ಕೂಗಿದೆ. ತಿರುಗಿ ನೋಡಲಿಲ್ಲ. ಕೇಳದೆ ಹೋದದ್ದು ನನಗೆ ಚುಚ್ಚಿತು. ಉಂಡಿ ಕಟ್ಟುವ ಕೈ ನಿಂತುಹೋಯಿತು.

ಹತ್ತು ಗಂಟೆಯ ಹೊತ್ತಿಗೆ ಬಾಗಿಲಲ್ಲಿ ಯಾರೋ ಕೆಮ್ಮಿದರು. ನೋಡಿದರೆ ಸಂಗು. ಧೋತರ ಮೊಣಕಾಲಿನವರೆಗೆ ತೊಯ್ದಿದೆ, ಬಿಳಿ ಅಂಗಿಯ ಮೇಲೆ ಕಿತ್ತಳೆ ಬಣ್ಣದ ಆ ತೇಲುವ ಅಂಗಿ, ಬಿಚ್ಚಲು ಮರೆತಿದ್ದಾನೆ. ಕಂಕುಳಲ್ಲಿ ಗಂಟು. ಹೊಸ್ತಿಲ ಆಚೆಯೇ ನಿಂತಿದ್ದ.

"ಅಕ್ಕಾ, ಅವ್ವನ ಮನಿಯಿಂದ ಬಂದೇನಿ. ಕರಿಯಾಕ."

"ಏನಂದಿ?"

"ಬ್ಯಾಸಗ್ಯಾಗ ನೀರ ಇಳಿದಾಗ ನಾನೂ ಮಾಮಾನೂ ಹೋಗಿ ಹುಡುಕಿದಿವಿ. ನಮ್ಮ ಅಡಗಿಮನಿ ಒರಳಕಲ್ಲ ಇನ್ನೂ ನೆಲದಾಗ ಐತಿ. ಮಾಮಾ ಫೋನಿನಾಗ ಗುರ್ತ ಹಾಕ್ಯಾರ. ಇವತ್ತ ಮುಂಜಾನೆ ದೋಣಿ ಒಯ್ದು ಅದರ ಮ್ಯಾಲ ನಿಂದ್ರಿಸಿದ್ರು. ಅಲ್ಲಿಂದ ತಿರಿಗಿ ಸೀದಾ ನಿನ್ನ ಬಾಗಲಕ್ಕ ಬಂದೇನಿ, ನಡುವ ಎಲ್ಲೂ ಕುಂತಿಲ್ಲ." ಗಂಟನ್ನು ಎರಡೂ ಕೈಗೆ ತಗೊಂಡ. "ಈಗರ ಹೊಸ್ತಿಲ ತುಳೀಲೇನ?"

ನಾನು ಸಿಟ್ಟಿನಲ್ಲಿ ಎಸೆದ ಮಾತನ್ನು ಈ ಹುಡುಗ ಇಪ್ಪತ್ತೆರಡು ವರ್ಷ ಜೋಪಾನ ಮಾಡಿದ್ದ. ಹುಡುಗ ಎಂದೆ, ಮೀಸೆ ಬೆಳ್ಳಗಾಗಿದೆ. ಅವನ ಕೈ ಹಿಡಿದು ಒಳಗೆಳೆದುಕೊಂಡು ಅತ್ತೆ. ಓಣಿಗೆಲ್ಲ ಕೇಳುವ ಹಾಗೆ ಅತ್ತೆ, ಕೇಳಲಿ.

ಅವನ ಜೊತೆ ಹಿನ್ನೀರಿಗೆ ಹೋದೆ. ದಂಡೆಯಲ್ಲಿ ಸಂಗುವಿನ ಹೆಂಡತಿ ಸುರೇಖಾ ಬುಟ್ಟಿ ಹಿಡಿದು ಕಾಯುತ್ತಿದ್ದಳು. ಇವರು ಮೊಣಕಾಲುದ್ದ ನೀರಲ್ಲಿ ನಿಂತು ದೋಣಿ ಹಿಡಿದಿದ್ದರು. ನನ್ನ ಮುಖ ನೋಡಲಿಲ್ಲ, ಹಗ್ಗದ ಗಂಟು ನೋಡುತ್ತಿದ್ದರು. ಬೇರಿಂಗ್ ಕೆಟ್ಟ ಆ ಎರಡು ದಿನದಲ್ಲಿ ಸಂಗು ನನ್ನ ಮಾತನ್ನೆಲ್ಲ ಹೇಳಿಬಿಟ್ಟಿದ್ದನಂತೆ. "ಒಂಬತ್ತು ವರ್ಷ ತಾಡಪತ್ರಿ ಕಟ್ಟಿಸಿದಿಯಲ್ಲ ನನ್ನ ಕಡಿಂದ" ಎಂದಷ್ಟೇ ಗೊಣಗಿದರು.

ಹಾಯಿ ಏರಿತು. ನಾನು ಹೊಲಿದ ತೇಪೆಗಳೆಲ್ಲ ಬಿಸಿಲಿಗೆ ಎದ್ದು ಕಂಡವು. ಗಾಳಿ ತುಂಬಿದ್ದೇ ತಡ ಬಲದ ಎತ್ತು ಸ್ವಲ್ಪ ಮೇಲೆದ್ದಿತು, ಜಾಳಿಗೆಯ ಕೆಳಗೆ ನೀರು ಸುಯ್ಯೆಂದು ಓಡಿತು. ಸುರೇಖಾ ಕಟಾಂಜನ ಹಿಡಿದು ಮಂತ್ರ ಹೇಳತೊಡಗಿದಳು. ಇವರು ಮಾತ್ರ ಬೇರೆಯೇ ಮನುಷ್ಯರಾಗಿದ್ದರು, ಕಣ್ಣು ಹಾಯಿಯ ಅಂಚಿನ ಮೇಲೆ. ಅರ್ಧ ತಾಸಿಗೆ ಫೋನ್ ನೋಡಿ ದೋಣಿಯ ಮೂತಿಯನ್ನು ಗಾಳಿಗೆ ಎದುರು ತಿರುಗಿಸಿದರು. ಹಾಯಿ ಪಟಪಟ ಬಡಿದುಕೊಂಡಿತು.

"ಇಲ್ಲೇ" ಎಂದರು.

ಏನೂ ಇರಲಿಲ್ಲ. ಕೆಂಪು ನೀರು, ಅಷ್ಟೇ. ಆದರೆ ಅದರ ಕೆಳಗೆ ಒರಳಕಲ್ಲು ಇತ್ತು, ಅದರ ಪಕ್ಕ ಅವ್ವ ಕೂಡುವ ಜಾಗ.

"ಲಂಗರ ಬಿಡ್ಲೇನ? ಇಲ್ಲಂದ್ರ ಸರಿದು ಹೋಗ್ತೈತಿ."

"ಬ್ಯಾಡ್ರಿ. ಅವ್ವನ ಮನಿ ಮ್ಯಾಲ ಕಬ್ಬಣ ಒಗೀಬ್ಯಾಡ್ರಿ."

ಸುರೇಖಾ ಬುಟ್ಟಿ ತೆರೆದಳು. ಅಕ್ಕಿ, ಕೊಬ್ಬರಿ, ಅರಿಸಿನ ಕೊಂಬು, ಅಡಿಕೆ, ಹಸಿರು ಖಣ. "ಒಡಪ ಹಾಕಿ ಗಂಡನ ಹೆಸರ ಹೇಳಲಾರದ ಉಡಿ ತುಂಬಂಗಿಲ್ರಿ ಅಕ್ಕಾರ" ಎಂದಳು, ಆ ತೂಗಾಟದಲ್ಲೂ. ಮದುವೆಯ ದಿನ ಬಿಟ್ಟರೆ ನಾನು ಈ ಹೆಸರು ಬಾಯಿಗೆ ತಂದಿರಲಿಲ್ಲ.

"ಗಾಳಿ ಬಂದ ಕಡಿ ಹಾಯಿ ತಿರಿವ್ಯಾರ, ನೀರಾಗಿನ ತವರ ನನಗ ತೋರ್ಯಾರ, ಮಾಳಿಂಗರಾಯರು."

ಮಾಳಿಂಗರಾಯರು ಚುಕ್ಕಾಣಿ ಹಿಡಿದು ಆಕಾಶ ನೋಡಿದರು. ಕಣ್ಣಿಗೆ ನೀರು ಹಾರಿತಂತೆ.

ಉಡಿ ತುಂಬುವಷ್ಟರಲ್ಲಿ ದೋಣಿ ಸರಿದುಹೋಗಿತ್ತು. ಇವರು ಹಾಯಿ ತಿರುಗಿಸಿ, ದೊಡ್ಡ ಸುತ್ತು ಹಾಕಿ, ಮತ್ತೆ ಮನೆಯ ಮೇಲೆ ತಂದರು. ಮತ್ತೆ ಸರಿಯಿತು. ಮತ್ತೆ ತಂದರು. ಒಂದೊಂದು ಸಲ ಸಿಗುವುದು ನಾಲ್ಕು ಉಸಿರಿನಷ್ಟು ಹೊತ್ತು. ಐದನೆಯ ಸಲಕ್ಕೆ ನಾನು ಉಡಿಯಿಂದ ಒಂದು ಹಿಡಿ ಅಕ್ಕಿ ತೆಗೆದು ನೀರಿಗೆ ಬಿಟ್ಟೆ. ಬೆಳ್ಳಗೆ ಕಂಡು ಕೆಳಗಿಳಿಯಿತು. ಅವ್ವಾ, ಉಡಿ ತುಂಬಿತವ್ವಾ ಎಂದೆ.

ಆರನೆಯ ಸಲ ತಿರುಗಿಸಲು ಹೋದಾಗ ನಾನೇ ತಡೆದೆ. ತವರಿಗೆ ಬಂದವಳು ಹೊರಡಲೇಬೇಕಲ್ಲ. ಹಾಯಿ ಗಾಳಿ ಹಿಡಿಯಿತು. ಸಂಗು ಕೇಳಿದ:

"ಮುಂದಿನ ಪಂಚಮಿಗೂ ಇಲ್ಲಿಂದನ ಕರಿಯಾಕ ಬರಬೇಕೇನ ಅಕ್ಕಾ?"

ಹಿಂದೆ ತಿರುಗಿ ನೋಡಿದೆ. ಯಾವುದು ನಮ್ಮ ಮನೆ, ಯಾವುದು ಬರೀ ನೀರು, ಆಗಲೇ ಗುರುತು ಸಿಗುತ್ತಿರಲಿಲ್ಲ.

"ಇಂಡಿಯಿಂದ ಬಾ," ಎಂದೆ. "ಬರ್ತೇನಿ."